ಮುದ್ದೆ ನುಂಗಲಾರದ ಹೊಟ್ಟೆ

ನಾಲ್ಕು ತಿಂಗಳಿಂದ ಸಭೆಗಳಿಗೆ ಯಾಕೆ ಬರ್ತಿಲ್ಲ, ಯಾಕಕ್ಕ ಹಿಂಗೆ ಸೊರಗಿದ್ದೀರ ಅಂತ ತುಂಬಾ ಜನ ಕೇಳ್ತಿದ್ದೀರಿ. ಕ್ಯಾನ್ಸರ್ ಅಂತ ಸುದ್ದಿಯೂ ಹಬ್ಬಿದೆಯಂತೆ. ಅಲ್ಲ. ತೂಕ ಇಳಿಸೋ ಆಪರೇಷನ್ ಮಾಡಿಸಿಕೊಂಡೆ. 118 ಕೆ.ಜಿ. ಇದ್ದೆ, ಸಕ್ಕರೆ ಕಾಯಿಲೆ, ಮಂಡಿನೋವು. ಸೊಸೈಟಿಯಲ್ಲಿ ಸಾಲ ತೆಗೆದೆ, ಮಾಡಿಸಿದೆ. ಅದು ಅಷ್ಟು ಸಾಕು. ಆಮೇಲೆ ಹೊಟ್ಟೆ ಏನೇನು ಆಟ ಆಡುತ್ತೆ ಅನ್ನೋದನ್ನ ಯಾರೂ ಬಿಡಿಸಿ ಹೇಳಲ್ಲ, ಅದಕ್ಕೇ ಬರೀತಿದ್ದೀನಿ.

ಸ್ಲೀವ್ ಅನ್ನೋ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೀತಾರೆ. ಉಳಿಯೋದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಮೊದಲು ತಿಳಿನೀರು, ಆಮೇಲೆ ಗಂಜಿ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಗಟ್ಟಿ ಊಟಕ್ಕೆ ಬರೋಕೆ ತಿಂಗಳ ಮೇಲಾಯಿತು. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು. ನಮ್ಮವ್ವನಿಗೆ ತಕರಾರು ಶುರುವಾಗಿದ್ದೇ ಇಲ್ಲಿ. ಮಂಡ್ಯ ಸೀಮೆಯಲ್ಲಿ ಮುದ್ದೆಯನ್ನ ಯಾರಾದ್ರೂ ಅಗೀತಾರಾ? ಮುರಿದು, ಸಾರಲ್ಲಿ ಅದ್ದಿ, ನುಂಗೋದು. ಹಾಗೆ ನುಂಗಿದ್ದು ಈ ಕೊಳವೆಯಲ್ಲಿ ಸಿಕ್ಕಿಕೊಂಡರೆ ಎದೆ ಹಿಂಡಿದಂಗೆ ನೋವು, ಬಾಯ್ತುಂಬ ನೊರೆ, ವಾಂತಿ. ಕೊನೆಗೆ ಇಬ್ಬರೂ ರಾಗಿ ಅಂಬಲಿಗೆ ರಾಜಿಯಾದೆವು. ಬರಗಾಲದಲ್ಲಿ ಅಂಬಲಿಗೆ ನೀರು ಬೆರೆಸಿ ಬೆರೆಸಿ ಐದು ಮಕ್ಕಳಿಗೆ ಹಂಚಿದವಳು ನಮ್ಮವ್ವ. ಸಾಲ ಮಾಡಿ ಹೊಟ್ಟೆ ಕೊಯ್ಸಿಕೊಂಡ ಮಗಳಿಗೆ ಅದೇ ತೆಳ್ಳನೆ ಅಂಬಲಿ ಕಾಯಿಸಿಕೊಟ್ಟಳು. ಏನೂ ಮಾತಾಡಲಿಲ್ಲ.

ದಿನಕ್ಕೆ ಕಡಿಮೆ ಅಂದ್ರೂ 60 ಗ್ರಾಂ ಪ್ರೋಟೀನ್ ಬೇಕು, ಇಲ್ಲಾಂದ್ರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ, ಕೂದಲು ಉದುರುತ್ತೆ. ಆಸ್ಪತ್ರೆಯ ಚಾರ್ಟಿನಲ್ಲಿ ಪನೀರ್, ಟೋಫು, ಮೊಳಕೆಕಾಳು, ಡಬ್ಬಿಪುಡಿ. ಒಂದು ಮೊಟ್ಟೆಯೂ ಇಲ್ಲ! ಏನು ತಿಂತೀರಿ ಅಂತ ಕೂಡ ಕೇಳಿರಲಿಲ್ಲ. "ದನದ ಬಾಡು ತಿನ್ನಬಹುದಾ ಮೇಡಂ?" ಅಂದೆ. ಬರೀತಿದ್ದ ಪೆನ್ನು ನಿಂತಿತು. "ಅದು ಹೆವಿ ಆಗುತ್ತೆ" ಅಂದರು, ತಲೆ ಎತ್ತದೆ. ಹೆವಿ ಅನ್ನೋದು ಸುಳ್ಳಲ್ಲ, ಬಾಡಿನ ನಾರು ಈ ಹೊಟ್ಟೆಗೆ ನಿಜಕ್ಕೂ ಕಷ್ಟ. ಅದರ ಮೇಲೆ 2021ರಿಂದ ಜಾರಿಯಲ್ಲಿರೋ ಕಾಯ್ದೆ ಪ್ರಕಾರ ನಮ್ಮ ರಾಜ್ಯದಲ್ಲಿ 13 ವರ್ಷ ದಾಟಿದ ಎಮ್ಮೆ ಕೋಣ ಮಾತ್ರ ಕಡೀಬಹುದು. ಮುದಿ ಎಮ್ಮೆ ಬಾಡು ಎಷ್ಟು ವಿಷಲ್ ಕೂಗಿಸಿದರೂ ರಬ್ಬರು. ಸರ್ಕಾರ ನನ್ನ ಹೊಟ್ಟೆಯೊಳಕ್ಕೂ ಬಂತು ನೋಡಿ. ಈಗ ಮೊಟ್ಟೆ, ಮೀನು, ಎರಡು ಸಲ ರುಬ್ಬಿಸಿದ ಖೀಮಾ ಅಂತ ಚಾರ್ಟನ್ನ ನಾನೇ ತಿದ್ದಿಕೊಂಡು, ಡಾಕ್ಟರಿಗೂ ತೋರಿಸಿದ್ದೀನಿ. ಸರಿ ಇದೆ ಅಂದರು.

ಸಿಹಿಯದು ಬೇರೆ ಕಥೆ. ಪಾಯಸ, ಪಾನಕದಂಥವು ಹೊಟ್ಟೆಯಲ್ಲಿ ನಿಲ್ಲದೆ ಸರ್ರನೆ ಕರುಳಿಗೆ ಇಳಿದುಬಿಟ್ಟರೆ ಬೆವರು, ಎದೆ ಡವಡವ, ಭೇದಿ. ಡಂಪಿಂಗ್ ಅಂತಾರೆ. ಬೈಪಾಸ್ ಥರದ ಆಪರೇಷನ್ ಆದವರಿಗೆ ಜಾಸ್ತಿ, ನನ್ನಂಥವರಿಗೂ ಆಗುತ್ತೆ. ಕಬ್ಬಿಣದ ಮಾತ್ರೆಯಿಂದ ಇದರ ಉಲ್ಟಾ, ಮೂರು ದಿನ ಹೊಟ್ಟೆ ಕಲ್ಲು. ಬಿ12 ಅಂತೂ ಜೀವಮಾನಪೂರ್ತಿ ತಗೋಬೇಕು.

ನನಗೆ ಅತಿ ಕಷ್ಟವಾಗಿದ್ದು ಇದ್ಯಾವುದೂ ಅಲ್ಲ, ಬೇಡ ಅನ್ನೋದು. ಕೇರಿಯಲ್ಲಿ ತಟ್ಟೆ ಮುಂದಿಟ್ಟಾಗ ಬೇಡ ಅಂದರೆ ಅದಕ್ಕೆ ಇರೋ ಅರ್ಥ ನಿಮಗೆಲ್ಲ ಗೊತ್ತು. ಹೋದ ತಿಂಗಳು ಒಂದೂರಿಗೆ ಹೋಗಿದ್ದೆ. ಎಡಗೈಯವರ ಮನೆ, ನಾನು ಬಲಗೈ. ಎರಡು ಚಮಚ ಸಾಕು ಅಂದಿದ್ದಕ್ಕೆ ಆ ಮನೆಯ ಅಜ್ಜಿ, "ಭಾಷಣದಾಗೆ ಎಲ್ಲಾ ಒಂದೇ ಅಂತೀರಿ, ಉಣ್ಣಕೆ ಮಾತ್ರ ಆಗಕಿಲ್ವಾ?" ಅಂದುಬಿಟ್ಟರು. ಅವರ ಮಾತಲ್ಲಿ ತಪ್ಪೇನಿದೆ? ಒಳಗೆ ಕರೆದುಕೊಂಡು ಹೋಗಿ ಸೆರಗು ಸರಿಸಿ ಹೊಟ್ಟೆ ಮೇಲಿನ ಐದು ಗಾಯದ ಗುರುತು ತೋರಿಸಿದೆ. ಅಜ್ಜಿ ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಸಣ್ಣ ಬಟ್ಟಲಲ್ಲಿ ಅವರೆಕಾಳು ಸಾರು ತಂದು, ಕಾಳನ್ನ ಬೆರಳಲ್ಲೇ ಹಿಸುಕಿ, "ಇಷ್ಟು ಉಣ್ಣು ಮಗ" ಅಂದರು. ಅದನ್ನ ಉಂಡು ಮುಗಿಸೋಕೆ ಅರ್ಧ ಗಂಟೆ ಹಿಡೀತು. ಅಜ್ಜಿ ಎದ್ದು ಹೋಗಲಿಲ್ಲ.

ಇನ್ನು ನೀರು. ಊಟದ ಜೊತೆ ಕುಡಿಯಂಗಿಲ್ಲ, ಲೋಟ ಎತ್ತಿ ಗಟಗಟ ಕುಡಿಯಂಗಿಲ್ಲ, ಆದರೆ ದಿನಕ್ಕೆ ಒಂದೂವರೆ ಲೀಟರಾದ್ರೂ ಒಳಗೆ ಹೋಗಬೇಕು. ಅಂದರೆ ಇಡೀ ದಿನ ಗುಟುಕು ಗುಟುಕು. ಗುಟುಕಿಗೆ ತಕ್ಕ ಶೌಚಾಲಯ? ನಮ್ಮ ಆಫೀಸಿನಲ್ಲಿ ಹೆಂಗಸರ ಶೌಚಾಲಯದ ಬೀಗದಕೈ ಒಬ್ಬ ಸಾಹೇಬರ ಡ್ರಾಯರ್‌ನಲ್ಲಿ ಇರ್ತಿತ್ತು. ದಿನಕ್ಕೆ ಆರು ಸಲ ಹೋಗಿ ಕೈ ಚಾಚಬೇಕಿತ್ತು. ಡಾಕ್ಟರ ಚೀಟಿ ಲಗತ್ತಿಸಿ ಲಿಖಿತ ಅರ್ಜಿ ಕೊಟ್ಟೆ, ಟಪಾಲು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡೆ. ಹನ್ನೊಂದನೇ ದಿನಕ್ಕೆ ಬೀಗದಕೈ ಗೋಡೆಯ ಮೊಳೆಗೆ ಬಂತು. ಈಗ ಬೇರೆ ಹೆಂಗಸರೂ ನೀರಿನ ಬಾಟ್ಲಿ ತರ್ತಿದ್ದಾರೆ.

ಸಾಹೇಬರದು ಹಾಗಾಯಿತು, ನಮ್ಮದೇನು? ಧರಣಿ ಅಂದ್ರೆ ಹಿಂದಿನ ರಾತ್ರಿಯಿಂದಲೇ ನೀರು ಬಿಡೋದು ನಮ್ಮ ಹೆಣ್ಣುಮಕ್ಕಳಿಗೆ ಅಭ್ಯಾಸವಾಗಿಹೋಗಿದೆ. ನಾನೂ ಇಪ್ಪತ್ತು ವರ್ಷ ಹಾಗೇ ಕೂತವಳು. ಈ ಹೊಟ್ಟೆಯಲ್ಲಿ ಹಾಗೆ ಕೂತರೆ ಸಂಜೆಗೆ ಡ್ರಿಪ್ ಹಾಕಿಸಬೇಕಾಗುತ್ತೆ. ಮುಂದಿನ ತಿಂಗಳ ಧರಣಿಗೆ ಖರ್ಚುಪಟ್ಟಿ ಬರೀತಿರೋ ಅಣ್ಣಂದಿರೇ, ಶಾಮಿಯಾನ, ಮೈಕು, ಫ್ಲೆಕ್ಸ್ ಬರೆದಮೇಲೆ ಹೆಂಗಸರ ಶೌಚಾಲಯ ಅಂತ ಇನ್ನೊಂದು ಸಾಲು ಸೇರಿಸಿ. ಆ ಸಾಲು ಇದ್ದರೆ ನಾನು ಬಾಟ್ಲಿ ಹಿಡ್ಕೊಂಡು ಬರ್ತೀನಿ. ಊಟಕ್ಕೆ ನನ್ನ ಲೆಕ್ಕ ಹಿಡೀಬೇಡಿ, ಬೇಯಿಸಿದ ಮೊಟ್ಟೆ ಒಂದು ಎತ್ತಿಡಿ.