ನಮ್ಮ ತಾರಸಿ ಗಿಡಗಳು – 7: ಬಿಳಿ ಅಂಚಿನ ನಂದಿಬಟ್ಟಲು

ಫೋಟೋದಲ್ಲಿ ಎಡಗಡೆ ನೆಟ್ಟಗೆ ಎದ್ದಿರೋ ಹಸಿರು ಕೊಂಬೆ ಕಾಣಿಸ್ತಿದೆಯಲ್ಲ? ಈ ಗಿಡದಲ್ಲಿ ಎಲ್ಲಕ್ಕಿಂತ ಜೋರಾಗಿ ಬೆಳೀತಿರೋದು ಅದೇ. ಇವತ್ತು ಅದನ್ನೇ ಬುಡದಿಂದ ತೆಗೀತಿದ್ದೀನಿ. "ಚೆನ್ನಾಗಿರೋದನ್ನೇ ಕಡೀತೀಯಲ್ಲ!" ಅಂತ ಅಮ್ಮನಿಗೆ ಸಂಕಟ. ಯಾಕೆ ಅಂತ ಹೇಳ್ತೀನಿ, ಓದಿ.

ನಂದಿಬಟ್ಟಲು ನಿಮಗೆಲ್ಲ ಗೊತ್ತು. ಪೂಜೆಗೆ ಬಿಡಿಸೋ ಬಿಳಿ ಹೂವು, ವರ್ಷವಿಡೀ ಹಸಿರಾಗಿರೋ ಗಿಡ. ಅದರಲ್ಲೇ ಎಲೆಯ ಅಂಚು ಕೆನೆಬಣ್ಣಕ್ಕಿರೋ ಬಗೆ ಇದು. ಆ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲ. ಅಂದ್ರೆ ಅಲ್ಲಿ ಅಡುಗೆ ಆಗಲ್ಲ. ನಡುವಿನ ಹಸಿರೇ ಇಡೀ ಗಿಡಕ್ಕೆ ಬೇಯಿಸಿ ಹಾಕ್ಬೇಕು. ಅದಕ್ಕೇ ಬೆಳವಣಿಗೆ ನಿಧಾನ. ನಿಧಾನ ಅಂದ್ರೆ ರೋಗ ಅಲ್ಲ. ಗೊಬ್ಬರ ಸುರಿದು ಅವಸರ ಮಾಡ್ಬೇಡಿ.

ಕೆಲವೊಮ್ಮೆ ಒಂದು ಚಿಗುರು ಬರೀ ಹಸಿರು ಜೀವಕೋಶಗಳಿಂದಲೇ ಹೊರಟುಬಿಡುತ್ತೆ. ಅದಕ್ಕೆ ಊಟ ಜಾಸ್ತಿ, ವೇಗವೂ ಜಾಸ್ತಿ. ಹಾಗೇ ಬಿಟ್ಟರೆ ಮಿಕ್ಕ ಕೊಂಬೆಗಳಿಗೆ ನೆರಳು ಕವಿದು, ಕೊನೆಗೆ ಗಿಡವನ್ನೆಲ್ಲ ತಾನೇ ಆವರಿಸುತ್ತೆ.

ಊರಲ್ಲಿ ಅಜ್ಜಿ ನೆಟ್ಟಿದ್ದ ತಾಯಿಗಿಡಕ್ಕೆ ಆಗಿದ್ದೂ ಇದೇ. ಅಜ್ಜಿ ಹೋದ್ಮೇಲೆ ಅದಕ್ಕೆ ಯಾರೂ ಕತ್ತರಿ ತಾಗಿಸಲಿಲ್ಲ. ಈಗ ಆಳೆತ್ತರ ಬೆಳೆದು ಮೈತುಂಬ ಹೂ ಬಿಟ್ಟಿದೆ. ಆದ್ರೆ ಬಿಳಿ ಅಂಚಿನ ಎಲೆ ಒಂದೂ ಇಲ್ಲ. ಅಜ್ಜಿಯ ಆ ಬಣ್ಣ ಉಳಿದಿರೋದು ಈ ಕುಂಡದಲ್ಲಿ ಮಾತ್ರ. ಬೀಜದಿಂದ ಈ ಅಂಚು ಬರೋ ಭರವಸೆ ಇಲ್ಲ. ಕಡ್ಡಿ ನೆಟ್ಟೇ ಉಳಿಸ್ಬೇಕು.

ಬೆಳೆಸೋರಿಗೆ:

• ಬೆಳಗಿನ ಬಿಸಿಲು ಒಳ್ಳೇದು. ಮಧ್ಯಾಹ್ನದ ಉರಿಬಿಸಿಲಿಗೆ ಬಿಳಿ ಅಂಚು ಸುಟ್ಟು ಕಂದಾಗುತ್ತೆ.
• ಮೇಲ್ಮಣ್ಣು ಒಣಗಿದ್ಮೇಲೆ ನೀರು. ಕುಂಡದ ತಟ್ಟೇಲಿ ನೀರು ನಿಲ್ಲಬಾರದು.
• ಪೂರ್ತಿ ಹಸಿರಾದ ಕೊಂಬೆಯನ್ನ ಅದು ಹುಟ್ಟಿದ ಜಾಗದಿಂದಲೇ ತೆಗೀರಿ. ಬರೀ ತುದಿ ಚಿವುಟಿದ್ರೆ ಪಕ್ಕದಿಂದ ಮತ್ತೆ ಹಸಿರೇ ಬರುತ್ತೆ.
• ಕತ್ತರಿಸಿದಾಗ ಬರೋ ಹಾಲು ಕಣ್ಣಿಗೆ, ಬಾಯಿಗೆ ತಾಗಬಾರದು. ಆಮೇಲೆ ಕೈ ತೊಳ್ಕೊಳ್ಳಿ.
• ಕಡ್ಡಿ ನೆಡೋಕೆ ಮಳೆಗಾಲ ಸರಿ. ಬಣ್ಣ ಚೆನ್ನಾಗಿರೋ ಕೊಂಬೆಯಿಂದ ಪೆನ್ಸಿಲ್ ದಪ್ಪದ್ದು, 5–6 ಇಂಚು ತಗೊಳ್ಳಿ. ಕೆಳಗಿನ ಎಲೆ ತೆಗೆದು, ಹಾಲು ನಿಂತ ಮೇಲೆ ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ ನೆರಳಲ್ಲಿಡಿ. ಬೇರು ಬಂತಾ ಅಂತ ದಿನಾ ಎಳೆದು ನೋಡ್ಬೇಡಿ!

ಇವತ್ತು ತೆಗೆದ ಹಸಿರು ಕೊಂಬೆಯನ್ನ ಅಮ್ಮ ಬೇರೆ ಕುಂಡಕ್ಕೆ ನೆಡ್ತಾರಂತೆ, ಪೂಜೆ ಹೂವಿಗೆ. ಅಲ್ಲಿ ಅದು ಎಷ್ಟು ಬೇಕಾದ್ರೂ ಬೆಳೀಲಿ.

ನನ್ನ ಚಿಂತೆ ಬೇರೆ. ಒಂದೇ ಮನೇಲಿ, ಒಂದೇ ಕುಂಡದಲ್ಲಿರೋದನ್ನ ಉಳೀತು ಅನ್ನೋಕಾಗಲ್ಲ. ನಾವು ಊರಿಗೆ ಹೋದ ಒಂದು ಬೇಸಿಗೆ ಸಾಕು, ಒಣಗಿಹೋಗುತ್ತೆ. ಅದಕ್ಕೇ ಆರು ಕಡ್ಡಿ ನೆಟ್ಟಿದ್ದೆ, ನಾಲ್ಕು ಚಿಗುರಿವೆ. ಕ್ಲಾಸ್‌ನವರು ಯಾರಿಗೆ ಬೇಕೋ ಕಮೆಂಟ್ ಮಾಡಿ, ಸೋಮವಾರ ತರ್ತೀನಿ. ದುಡ್ಡು ಬೇಡ. ಹಸಿರು ಕೊಂಬೆ ಬಂದ್ರೆ ಕತ್ತರಿಸ್ತೀನಿ ಅಂತ ಮಾತು ಕೊಡಿ, ಅಷ್ಟು ಸಾಕು.

#ತಾರಸಿತೋಟ #ನಂದಿಬಟ್ಟಲು #ಅಜ್ಜಿಯಗಿಡ