ಬಾಳೂನ ಬಟ್ಟಲು

ನಮ್ಮ ಹಿಪ್ಪರಗಿಯ ಕೇರಿ ಹುಡುಗರು ಕೃಷ್ಣೆಯ ದಂಡೆಯಲ್ಲಿ ಕ್ರಿಕೆಟ್ ಆಡುತ್ತಾರೆ. ಚೆಂಡಿನ ಹೊಲಿಗೆ ಬಿಚ್ಚಿದರೆ ಅವರಿಗೆ ಚಿಂತೆಯಿಲ್ಲ. ನಾವು ಸಮಗಾರರು. ದಾರ, ದಬ್ಬಣ ಮನೆಯಲ್ಲೇ ಇವೆ, ಹೊಲಿದು ಕೊಡುತ್ತೇವೆ.

ಶಾಲೆಯ ಗೋಡೆಗೆ ದೊಡ್ಡ ಆಟಗಾರರ ಫೋಟೋ ಹಾಕಬೇಕೆಂದು ಮಾಸ್ತರರು ಪಟ್ಟಿ ಮಾಡಿದರು. ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ 2009ರಲ್ಲಿ ಶುರು ಮಾಡಿದ 'ಹಾಲ್ ಆಫ್ ಫೇಮ್' ಎಂಬ ಕೀರ್ತಿಮಂದಿರಕ್ಕೆ ನಮ್ಮ ಕುಂಬ್ಳೆ 2015ರಲ್ಲಿ, ದ್ರಾವಿಡ್ 2018ರಲ್ಲಿ ಸೇರಿದರು. ಹೆಮ್ಮೆಯೇ. ನಾವು ಇನ್ನೊಂದು ಹೆಸರು ಬರೆಸಲು ಹೋದೆವು: ಪಲವಂಕರ ಬಾಳೂ.

"ಯಾರ್ರೀ ಅಂವಾ? ಆ ಮಂದಿರದಾಗ ಅದಾನೇನು?"

ಇಲ್ಲ. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅಷ್ಟೊತ್ತಿಗೆ ಬಾಳೂ ಆಟ ಬಿಟ್ಟು ವರ್ಷಗಳೇ ಕಳೆದಿದ್ದವು.

ಆದರೆ ಅಂವಾ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದಲ್ಲಿ, ಚಮ್ಮಾರರ ಮನೆಯಲ್ಲಿ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳದ ಆಳು. ಪಿಚ್ಚು ಹದ ಮಾಡಬೇಕು, ದೊರೆಗಳ ಅಭ್ಯಾಸಕ್ಕೆ ತಾಸುಗಟ್ಟಲೆ ಚೆಂಡು ಹಾಕಬೇಕು. ಬ್ಯಾಟು ಮಾತ್ರ ಕೈಗೆ ಕೊಡುತ್ತಿರಲಿಲ್ಲ. ಹಾಕಿ ಹಾಕಿಯೇ ಅಂವನ ಎಡಗೈ ಪಳಗಿತು. ಬಿಳಿಯರನ್ನು ಸೋಲಿಸಬೇಕಲ್ಲ, ಆಗ ಪುಣೆಯ ಹಿಂದೂಗಳಿಗೆ ಈ ಕೈ ನೆನಪಾಯಿತು. ಮೈದಾನದಲ್ಲಿ ಬಾಳೂ ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಅಂವಾ ಹೊರಗೆ, ಕೈಯಲ್ಲಿ ಬೇರೆ ಮಣ್ಣಿನ ಬಟ್ಟಲು.

ಈ ಬಟ್ಟಲಿನ ಮಾತು ಬಂದಾಗ ನಮ್ಮ ಹಿರಿಯರು ನಕ್ಕರು. ಅವರ ಕಾಲದಲ್ಲಿ ಚಹಾದಂಗಡಿಯ ಹೊರಗಿನ ಗೂಡಿನಲ್ಲಿ ನಮ್ಮ ಕಪ್ಪು-ಬಶಿ ಬೇರೆ ಇರುತ್ತಿದ್ದವು. ಕುಡಿದು ತೊಳೆದು ಅಲ್ಲೇ ಇಟ್ಟು ಬರುತ್ತಿದ್ದರು. "ಅಂವಗ ಮಣ್ಣಂದು, ನಮಗ ಕಿವಿ ಮುರದದ್ದು" ಅಂದರು.

1911ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕತ್ವ ಪಟಿಯಾಲದ ಮಹಾರಾಜನಿಗೆ, ದುಡಿತ ಬಾಳೂಗೆ. ಆ ಒಂದೇ ಪ್ರವಾಸದಲ್ಲಿ 114 ವಿಕೆಟ್! ತಿರುಗಿ ಬಂದ ಮೇಲೂ ಹಿಂದೂ ತಂಡ ಅಂವನನ್ನು ನಾಯಕನಾಗಿ ಮಾಡಲಿಲ್ಲ. 1920ರಲ್ಲಿ ಅಂವನನ್ನು ತಂಡದಿಂದಲೇ ಬಿಟ್ಟಾಗ ತಮ್ಮಂದಿರಾದ ವಿಠಲ, ಶಿವರಾಮ ತಾವೂ ಆಡುವುದಿಲ್ಲವೆಂದು ಹೊರಬಂದರು. ಆಮೇಲೆ ರಾಜಿಯಾಗಿ ಬಾಳೂಗೆ ಸಿಕ್ಕಿದ್ದು ಉಪನಾಯಕತ್ವ. 1923ರಲ್ಲಿ ಕಡೆಗೂ ವಿಠಲ ನಾಯಕನಾದ. ಅಣ್ಣನಿಗೆ ತಪ್ಪಿದ್ದು ತಮ್ಮನಿಗೆ.

ಒಂದು ಮಾತು ನಮ್ಮವರಿಗೆ ಕಹಿಯಾಗುತ್ತದೆ, ಆದರೂ ಹೇಳಬೇಕು. 1937ರ ಚುನಾವಣೆಯಲ್ಲಿ ಮುಂಬೈಯಲ್ಲಿ ಬಾಬಾಸಾಹೇಬರ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಇದೇ ಬಾಳೂನನ್ನು. ಬಾಬಾಸಾಹೇಬರು ಗೆದ್ದರು. ನಮ್ಮ ಸಂಘದ ಹುಡುಗನೊಬ್ಬ, "ಹಂಗಾದ್ರ ಅಂವನ ಫೋಟೋ ಯಾಕ ಬೇಕ್ರೀ?" ಅಂದ. ರಾತ್ರಿ ಬಹಳ ಹೊತ್ತು ವಾದವಾಯಿತು. ಮೊದಮೊದಲು ಬಾಳೂನನ್ನು ಸನ್ಮಾನಿಸಿದವರಲ್ಲಿ ಬಾಬಾಸಾಹೇಬರೂ ಇದ್ದರಲ್ಲ, ಅದನ್ನೂ ಹೇಳಿದೆವು. ಹುಡುಗ ಪೂರ್ತಿ ಒಪ್ಪಲಿಲ್ಲ. ಒಪ್ಪದಿದ್ದರೂ, ಆ ಎದುರಾಳಿ ನಮ್ಮ ಕೇರಿಯವನೇ ಅಲ್ಲವೆ? ಗೋಡೆಯ ಮೇಲೆ ಅಂವನನ್ನು ಇಟ್ಟುಕೊಂಡೇ ಜಗಳಾಡಬೇಕೆಂದು ನಮ್ಮ ಹಟ.

1911ರ ತಂಡದ ಫೋಟೋ ಹುಡುಕಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಮಾಸ್ತರರಿಗೆ ಒಪ್ಪಿಸಿದ್ದೇವೆ. ಅವರು ಕನ್ನಡಕ ಏರಿಸಿ ನೋಡಿದರು. "ಇವರೊಳಗ ಯಾರ್ರೀ ಅಂವಾ?" ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆವು. ಕುಂಬ್ಳೆ, ದ್ರಾವಿಡ್ ಗೋಡೆ ಏರಿದ್ದಾರೆ. ಬಾಳೂ ಇನ್ನೂ ಮಾಸ್ತರರ ಮೇಜಿನ ಮೇಲೆ ಇದ್ದಾನೆ. ಸೋಮವಾರ ನಾವೇ ಮೊಳೆ, ಸುತ್ತಿಗೆ ತಗೊಂಡು ಹೋಗುವವರಿದ್ದೇವೆ.