ಬಸ್ಸಿನ ವಿಭಕ್ತಿ

ಕೆಲವರು ಅಂಚೆಚೀಟಿ ಕೂಡಿಡುತ್ತಾರೆ. ಕೆಲವರು ಹಳೆಯ ನಾಣ್ಯ. ಎರಡಕ್ಕೂ ಕಾಸು ಬೇಕು, ಬೀರು ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಮನೆಯಾಕೆಯ ಅಪ್ಪಣೆ ಬೇಕು. ಈ ಮೂರರ ಗೊಡವೆಯೂ ಬೇಡವೆಂದು ನಾನು ಇಂಗ್ಲಿಷಿನ ವಿಚಿತ್ರ ಪದಗಳನ್ನು ಕೂಡಿಡುವ ಹವ್ಯಾಸ ಹಚ್ಚಿಕೊಂಡೆ. ನಿಘಂಟೊಂದಿದ್ದರೆ ಸಾಕು, ಮಳೆಗಾಲದ ಸಂಜೆ ಹುರಿಗಡಲೆ ಮೆಲ್ಲುವ ಹಾಗೆ ಒಂದೊಂದನ್ನೇ ಬಾಯಿಗೆ ಹಾಕಿಕೊಂಡು ಕೂತಿರಬಹುದು.

ಕಿಟಕಿಯನ್ನು ಇಂಗ್ಲಿಷಿನವರು ‘ವಿಂಡೋ’ ಎನ್ನುತ್ತಾರಷ್ಟೆ. ಅದು ಅವರಿಗೆ ಬಂದದ್ದು ನಾರ್ವೆಯ ಕಡೆಯ ಹಳೆಯ ನುಡಿಯಿಂದ, ಅರ್ಥ ‘ಗಾಳಿಗಣ್ಣು’. ನಮ್ಮ ಹಿರಿಯರು ‘ಗವಾಕ್ಷ’ ಎಂದರು, ಅಂದರೆ ಹಸುವಿನ ಕಣ್ಣು. ಎಲ್ಲಿಯ ನಾರ್ವೆ, ಎಲ್ಲಿಯ ನಾವು! ಗೋಡೆಯಲ್ಲೊಂದು ಕಂಡಿ ಕೊರೆದ ಕೂಡಲೆ ಇಬ್ಬರಿಗೂ ಕಣ್ಣೇ ನೆನಪಾಯಿತು. ‘ಲೇಡಿ’ ಎಂದರೆ ಮೂಲದಲ್ಲಿ ರೊಟ್ಟಿಯ ಹಿಟ್ಟು ನಾದುವವಳು. ‘ಲಾರ್ಡ್’ ಎಂದರೆ ರೊಟ್ಟಿಯನ್ನು ಕಾಯುವವನು. ನಾದುವುದು ಒಬ್ಬಳು, ಕಾಯುವ ನೆಪದಲ್ಲಿ ಎಲೆಯ ಮುಂದೆ ಕೂರುವವನು ಇನ್ನೊಬ್ಬ. ಈ ಒಂದು ವಿಷಯದಲ್ಲಿ ಪೂರ್ವ ಪಶ್ಚಿಮಗಳಿಗೆ ಭೇದವಿಲ್ಲವೆಂದು ನನ್ನ ಮನೆಯಾಕೆಯ ಅಭಿಪ್ರಾಯ.

ಮಂಡ್ಯ ಜಿಲ್ಲೆಯವನಾದ ನನಗೆ ಎಲ್ಲಕ್ಕಿಂತ ಸಿಹಿಯಾದ ಪದವೆಂದರೆ ‘ಷುಗರ್’. ಸಂಸ್ಕೃತದಲ್ಲಿ ‘ಶರ್ಕರಾ’ ಎಂದರೆ ಮೊದಲು ನೊರಜುಗಲ್ಲು, ಆಮೇಲೆ ಸಕ್ಕರೆ. ಆ ಮಾತು ಪಾರಸಿಯವರ ಕೈಯಿಂದ ಅರಬರ ಕೈಗೆ, ಅಲ್ಲಿಂದ ಯೂರೋಪಿಗೆ ದಾಟಿ ‘ಷುಗರ್’ ಆಯಿತು. ಅದೇ ಶರ್ಕರಾ ಮಲೆಯಾಳದಲ್ಲಿ ‘ಚಕ್ಕರ’ವಾಗಿ, ಪೋರ್ಚುಗೀಸರ ಬಾಯಿಗೆ ಬಿದ್ದು ‘ಜಾಗರಿ’ ಆಯಿತು. ಅಂತೂ ಒಂದೇ ತಾಯಿಯ ಮಕ್ಕಳಿಬ್ಬರು ಬೇರೆಬೇರೆ ದಾರಿಯಲ್ಲಿ ಲಂಡನ್ನಿಗೆ ಹೋಗಿ, ಗುರುತು ಸಿಗದೆ, ಒಬ್ಬ ಸಕ್ಕರೆಯಾಗಿ ಇನ್ನೊಬ್ಬ ಬೆಲ್ಲವಾಗಿ ಬಾಳಿದರು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಹುಟ್ಟಿತು. ಅದರ ಸುತ್ತಣ ಹಳ್ಳಿಗಳಲ್ಲಿ ಆಲೆಮನೆಗಳೂ ಬಾಳಿದವು. ಅಣ್ಣತಮ್ಮಂದಿರು ಕೊನೆಗೆ ಒಂದೇ ಕಬ್ಬಿನ ಗದ್ದೆಯ ಬದುವಿನ ಮೇಲೆ ಎದುರುಬದುರಾದರು.

ಇನ್ನು ಬಸ್ಸಿನ ಕಥೆ. ಲ್ಯಾಟಿನ್ನಿನಲ್ಲಿ ‘ಆಮ್ನಿಬಸ್’ ಎಂದರೆ ‘ಎಲ್ಲರಿಗೆ’ ಎಂದರ್ಥ. ‘ಬಸ್’ ಎಂಬುದು ಚತುರ್ಥಿಯ ಬಹುವಚನ ಪ್ರತ್ಯಯ. ಇಂಗ್ಲಿಷಿನವರು ಪದದ ತಲೆ ಮೈಗಳನ್ನು ಕತ್ತರಿಸಿ ಬಾಲವನ್ನಷ್ಟೇ ಉಳಿಸಿಕೊಂಡರು. ನಾವು ‘ಎಲ್ಲರಿಗೆ’ ಎಂಬುದನ್ನು ಕತ್ತರಿಸಿ, “‘ಗೆ’ ಬಂತೇ? ಇನ್ನೂ ‘ಗೆ’ ಬರಲಿಲ್ಲವೇ?” ಎಂದು ರಸ್ತೆಯಲ್ಲಿ ನಿಂತು ಕೇಳಿದ ಹಾಗಾಯಿತು. ಕನ್ನಡಿಗರು ಅದಕ್ಕೆ ಒಂದು ಉಕಾರ ತೊಡಿಸಿ ‘ಬಸ್ಸು’ ಮಾಡಿ, ‘ಬಸ್ಸಿಗೆ ಹೊತ್ತಾಯಿತು’ ಎನ್ನುತ್ತೇವೆ. ಚತುರ್ಥಿಯ ಮೇಲೆ ಇನ್ನೊಂದು ಚತುರ್ಥಿ! ಕೇಶಿರಾಜ ಕೇಳಿದ್ದರೆ ‘ಶಬ್ದಮಣಿದರ್ಪಣ’ವನ್ನು ಕೆಳಗಿಟ್ಟು ನಕ್ಕುಬಿಡುತ್ತಿದ್ದ.

ಇಷ್ಟೆಲ್ಲ ಹೇಳುವುದಕ್ಕೆ ಒಂದು ಕಾರಣವುಂಟು. ಮದ್ದೂರಿನ ಮಗ್ಗುಲಲ್ಲಿ, ಶಿಂಷಾ ನದಿಯ ದಂಡೆಯ ವೈದ್ಯನಾಥಪುರದಲ್ಲಿ ನನ್ನ ಅಕ್ಕನ ಮನೆ. ಅವಳ ಮೊಮ್ಮಗ ಬೆಂಗಳೂರಿನ ಒಂದು ಶಾಲೆಯಲ್ಲಿ ಓದುತ್ತಾನೆ. ಅಲ್ಲಿ ಕನ್ನಡ ಆಡಿದರೆ ದಂಡ. ಬೇಸಗೆಯ ರಜಕ್ಕೆ ಬಂದವನನ್ನು ಅಕ್ಕ, “ಟೇಸನ್ನಿಗೆ ಯಾರು ಬಂದಿದ್ರಪ್ಪ?” ಎಂದು ಕೇಳಿದಳು. ಹುಡುಗ ಬಿದ್ದು ಬಿದ್ದು ನಕ್ಕ. “ಟೇಸನ್ ಅಲ್ಲ ಅಜ್ಜಿ, ಸ್ಟೇಷನ್!” ಆಮೇಲೆ ಅವನಿಗೆ ಅದೇ ಆಟವಾಯಿತು. ಲಾಟೀನು ತಪ್ಪು, ಕಾಪಿ ತಪ್ಪು, ಇಸ್ಕೂಲು ತಪ್ಪು. ಎರಡು ದಿನ ಅಕ್ಕನೂ ನಕ್ಕಳು. ಮೂರನೆಯ ದಿನ ನಾನು ಹೋದಾಗ, ಅವಳು ಅವನ ಮುಂದೆ ಮಾತು ಕಡಿಮೆ ಮಾಡಿ ಬೆರಳು ತೋರಿಸತೊಡಗಿದ್ದಳು: “ಅದನ್ನ ತಗೊಂಡ್ ಬಾ ಮಗ.” ಸಂತೆಯಲ್ಲಿ, ಕೋರ್ಟಿನಲ್ಲಿ, ಆಸ್ಪತ್ರೆಯಲ್ಲಿ ಅರುವತ್ತು ವರ್ಷ ಧೈರ್ಯವಾಗಿ ಆಡಿದ ನಾಲಗೆ ತನ್ನ ಅಡಿಗೆಮನೆಯಲ್ಲೇ ಅಂಜಿತ್ತು. ನನ್ನ ಹವ್ಯಾಸ ಬರಿಯ ಹುರಿಗಡಲೆಯಲ್ಲವೆಂದು ನನಗೆ ಅಂದು ತೋರಿತು.

ಹುಡುಗನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಹಾಬ್ಸನ್-ಜಾಬ್ಸನ್ ಕಥೆ ಹೇಳಿದೆ. ಮೊಹರಮ್ಮಿನಲ್ಲಿ ಜನ ‘ಯಾ ಹಸನ್, ಯಾ ಹುಸೇನ್’ ಎಂದು ಕೂಗುವುದನ್ನು ಕೇಳಿದ ಬ್ರಿಟಿಷ್ ಸಿಪಾಯಿಗಳು ಅದನ್ನು ತಮ್ಮ ಬಾಯಿಗೆ ಒಗ್ಗುವಂತೆ ‘ಹಾಬ್ಸನ್-ಜಾಬ್ಸನ್’ ಮಾಡಿಕೊಂಡರು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು ವಿದ್ವಾಂಸರು, ಇಂಡಿಯದ ಇಂಗ್ಲಿಷಿನಲ್ಲಿ ಬೆರೆತ ಮಾತುಗಳ ದೊಡ್ಡ ಕೋಶ ಪ್ರಕಟಿಸಿ ಅದಕ್ಕೆ ಆ ಹೆಸರನ್ನೇ ಇಟ್ಟರು. ಅವರ ಸಿಪಾಯಿಯ ತೊದಲು ನಿಘಂಟಿನ ಹೆಸರಾಗುವುದಾದರೆ, ನಮ್ಮ ಅಜ್ಜಿಯ ‘ಟೇಸನ್ನು’ ನಗೆಪಾಟಲಾಗಬೇಕೇಕೆ? ಮಂಡ್ಯ ಸೀಮೆಯವರೇ ಆದ ಜಿ. ವೆಂಕಟಸುಬ್ಬಯ್ಯನವರು (1913–2021) ಕನ್ನಡಕ್ಕೆ ಹೊರಗಿನಿಂದ ಬಂದ ಮಾತುಗಳಿಗೆಂದೇ ‘ಎರವಲು ಪದಕೋಶ’ ಮಾಡಿಕೊಟ್ಟರು. ಬಂದ ನೆಂಟನಿಗೆ ಕಾಲಿಗೆ ನೀರು, ಉಡಲು ಪಂಚೆ ಕೊಡುವುದು ನಮ್ಮ ವಾಡಿಕೆ. ‘ಮಾಸ್ಟರ್’ ಬಂದಾಗ ಪಂಚೆಯ ಜೊತೆಗೆ ಮರ್ಯಾದೆಯ ಬಹುವಚನವನ್ನೂ ಹೊದಿಸಿ ‘ಮೇಷ್ಟ್ರು’ ಎಂದೆವು. ಅದು ಅಜ್ಞಾನವಲ್ಲ, ಆತಿಥ್ಯ.

“ಹಾಗಾದ್ರೆ ಅಜ್ಜಿ ಹೇಳಿದ್ದು ಸರೀನಾ ತಾತ?” ಎಂದ ಹುಡುಗ.

ಒಳಗಿನಿಂದ ಅಕ್ಕನೇ ಉತ್ತರ ಕೊಟ್ಟಳು: “ಟೇಸನ್ನಿಗೆ ಹೋದ್ರೂ ರೈಲು ಸಿಕ್ತದಲ್ಲಪ್ಪ, ಇನ್ನೇನಾಗ್ಬೇಕು?”

ಮದ್ದೂರು ಎಂದರೆ ವಡೆ, ವಡೆಯೆಂದರೆ ಟಿಫನ್ನು. ಈ ‘ಟಿಫಿನ್’ ಒಂದು ಕಾಲಕ್ಕೆ ಇಂಗ್ಲೆಂಡಿನ ಪೋಲಿ ಮಾತು. ಗುಟುಕು ಗುಟುಕಾಗಿ ಕುಡಿಯುವುದಕ್ಕೆ ಹಾಗೆನ್ನುತ್ತಿದ್ದರಂತೆ. ಹೆತ್ತ ನಾಡಿನಲ್ಲಿ ಅದನ್ನು ಕೇಳುವವರಿಲ್ಲವಾದರು. ಇಲ್ಲಿ ಬಂದು ಇಡ್ಲಿ ದೋಸೆ ತಿಂದು ಮೈತುಂಬಿಕೊಂಡಿತು. ಹೆತ್ತವರು ಕೈಬಿಟ್ಟ ಕೂಸನ್ನು ಸಾಕಿದವರು ಅದನ್ನು ತಮಗೆ ಒಪ್ಪುವ ಹೆಸರಿನಲ್ಲಿ ಕರೆದರೆ ದಂಡ ಹಾಕುವವರು ಯಾರು?